ನೆಗ್ಗಿದ ಇನ್‌ಟೇಕ್ ಪೈಪು: ನಡುವೆ ಬಡಿಯಬೇಡಿ, ಅಂಚಿನಿಂದ ಬನ್ನಿ

ಇನ್‌ಟೇಕ್ ಪೈಪು ಎಂದರೆ ಏರ್ ಫಿಲ್ಟರ್‌ನಿಂದ ಹೊರಟು ಎಂಜಿನ್ನಿಗೆ ಗಾಳಿ ಒಯ್ಯುವ ಪೈಪು. ಹೆಚ್ಚಿನ ಕಾರುಗಳಲ್ಲಿ ಅದು ಪ್ಲಾಸ್ಟಿಕ್ಕಿನದು. ಅದು ನೆಗ್ಗುವುದಿಲ್ಲ, ಒಡೆಯುತ್ತದೆ, ಬದಲಿಸುವುದೇ ದಾರಿ. ಇಲ್ಲಿ ಹೇಳುತ್ತಿರುವುದು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರ) ಇರುವ ಗಾಡಿಗಳ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪೈಪಿನ ಬಗ್ಗೆ. ಚಿಕ್ಕ ನೆಗ್ಗಿನಿಂದ ಎಂಜಿನ್ನಿನ ಶಕ್ತಿ ಕುಗ್ಗುವುದು ಅಷ್ಟರಲ್ಲೇ ಇದೆ. ಆದರೆ ನೆಗ್ಗಿನ ಮಡಿಕೆಯಲ್ಲಿ ಬಿರುಕು ಬಿದ್ದರೆ, ಇಲ್ಲವೇ ರಬ್ಬರ್ ಹೋಸ್ ಕೂರುವ ತುದಿ ಸೊಟ್ಟಗಾದರೆ, ಫಿಲ್ಟರ್ ದಾಟದ ಗಾಳಿ ನೇರ ಟರ್ಬೊಗೆ ಹೋಗುತ್ತದೆ. ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಗಳಲ್ಲಿ ಓಡುವ ಗಾಡಿಗೆ ಅದರ ಅರ್ಥ ಅದಿರಿನ ಧೂಳು. ಬಿಚ್ಚಿದ ಪೈಪಿನ ಒಳಗೆ ಬೆರಳಾಡಿಸಿದಾಗ ಕೆಂಪು ಹತ್ತಿದರೆ, ನೆಗ್ಗಿಗಿಂತ ಮೊದಲು ಫಿಲ್ಟರ್ ಬಾಕ್ಸಿನ ಸೀಲ್ ನೋಡಿ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ, ಸೆನ್ಸರ್ ಇದ್ದರೆ ಅದನ್ನು ಬಿಚ್ಚಿಡಿ, ಆಮೇಲೆ ಕ್ಲಾಂಪ್ (ಹೋಸನ್ನು ಪೈಪಿಗೆ ಬಿಗಿಯುವ ಪಟ್ಟಿ) ಸಡಿಲಿಸಿ ಪೈಪು ತೆಗೆಯಿರಿ. ಟರ್ಬೊ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಟ್ಟೆ ತುರುಕಬೇಡಿ, ಮರೆತು ಸ್ಟಾರ್ಟ್ ಮಾಡುವವರಿದ್ದಾರೆ.

ಅಯಸ್ಕಾಂತ ಅಂಟಿದರೆ ಕಬ್ಬಿಣ. ಅಂಟದಿದ್ದರೆ, ಪೈಪು ಹಗುರವಿದ್ದರೆ ಅಲ್ಯೂಮಿನಿಯಂ. ಒಳಗಿನ ಎಣ್ಣೆ ಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಬೇಡ: ಮುಂದೆ ಬೆಂಕಿಯಲ್ಲಿ ಕಾಯಿಸುವ ಕೆಲಸವಿದೆ, ಕ್ಲೋರಿನ್ ಇರುವ ಸ್ಪ್ರೇ ಕಾದರೆ ವಿಷಗಾಳಿ ಹುಟ್ಟುತ್ತದೆ.

ಈಗ ನೆಗ್ಗನ್ನು ಪೈಪಿನ ಒಳಗಿನಿಂದ ಎತ್ತಲು ಸರಳಿನ ತುದಿಗೆ ಬೆಸೆದ ಕಬ್ಬಿಣದ ಗುಂಡು ಬೇಕು. ಬೇರಿಂಗಿನ ದೊಡ್ಡ ಬಾಲನ್ನು ಸರಳಿಗೆ ಬೆಸೆದರಾಯಿತು ಎನ್ನುವ ಸಲಹೆ ಕೇಳಬೇಡಿ. ಆ ಉಕ್ಕು ತೀರ ಗಡಸು, ಬೆಸುಗೆ ಬಿರಿಯುತ್ತದೆ. ಗುಜರಿ ಅಂಗಡಿಯಿಂದ ಮೆತು ಕಬ್ಬಿಣದ ಶಾಫ್ಟ್ ತುಂಡು ತಂದು ಲೇತ್‌ನಲ್ಲಿ ಗುಂಡಗೆ ಕಡೆಸಿ. ಅಳತೆ ಹೀಗೆ: ಪೈಪಿನ ಹೊರ ಅಳತೆ 57 ಮಿ.ಮೀ., ದಪ್ಪ 1.5 ಮಿ.ಮೀ. ಇದ್ದರೆ ಒಳಗೆ 54 ಉಳಿಯುತ್ತದೆ. ನೆಗ್ಗು 8 ಮಿ.ಮೀ. ಆಳವಿದ್ದರೆ ಅಲ್ಲಿರುವ ಸಂದು 46. ಆದ್ದರಿಂದ ಮೊದಲ ಗುಂಡು 45, ಎರಡನೆಯದು 52. ಎರಡನ್ನೂ 16 ಮಿ.ಮೀ. ಸರಳಿನ ತುದಿಗೆ ಬೆಸೆಯಿಸಿ. ಅದಕ್ಕಿಂತ ತೆಳು ಸರಳು ಬಾಗುತ್ತದೆ. ಪೈಪು ಬಾಗಿದ್ದರೆ ಸರಳನ್ನೂ ಅಷ್ಟೇ ಬಾಗಿಸಿ, ನೆಗ್ಗಿಗೆ ಹತ್ತಿರವಿರುವ ಬಾಯಿಂದ ಒಳಗೆ ಬಿಡಿ. ಒಳಗೆ ಬಿಡುವ ಮುನ್ನ ಗುಂಡಿಗೆ ಚೂರು ಗ್ರೀಸ್ ಸವರಿ; ಅಲ್ಯೂಮಿನಿಯಂ ಪೈಪಾದರೆ ಇದು ಕಾಯಿಸಿ ತಣಿದ ಮೇಲೆ.

ಅಲ್ಯೂಮಿನಿಯಂ ಆದರೆ ಬಡಿಯುವ ಮುನ್ನ ಮೆದು ಮಾಡಲೇಬೇಕು. ನೆಗ್ಗಿನ ಮೇಲೂ ಸುತ್ತ ಎರಡು ಬೆರಳಗಲಕ್ಕೂ ಒಣ ಮೈಸೋಪಿನಿಂದ ಗೆರೆ ಎಳೆಯಿರಿ. ಗ್ಯಾಸ್ ಟಾರ್ಚನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಕಾಯಿಸಿ. ಸೋಪಿನ ಗೆರೆ ಕಂದಾಗಿ ಕಪ್ಪಿಗೆ ತಿರುಗುತ್ತಲೇ ನಿಲ್ಲಿಸಿ, ಅದು ಸುಮಾರು 350 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸುವುದಿಲ್ಲ. ಕೆಂಪಾಗಲಿ ಎಂದು ಕಾದು ಕೂತರೆ 600ರ ಆಸುಪಾಸಿನಲ್ಲಿ ಪೈಪು ಕುಸಿದು ತೂತಾಗುತ್ತದೆ. ತಾನಾಗಿ ತಣಿಯಲಿ. ತೆಳು ಕಬ್ಬಿಣದ ಪೈಪಿಗೆ ಈ ಉಸಾಬರಿ ಬೇಡ.

ಕೆಲಸ ಕೆಡುವುದು ಇನ್ನು ಮುಂದೆ. ಸರಳನ್ನು ಬೆಂಚ್ ವೈಸಿನಲ್ಲಿ (ಮೇಜಿಗೆ ಜೋಡಿಸಿದ, ತಿರುಪಿ ಬಿಗಿಯುವ ಇಕ್ಕಳ) ಬಿಗಿಯಿರಿ. ಹೊರಚಾಚಿದ ಭಾಗ ಒಂದು ಅಡಿ ಮೀರದಿರಲಿ. ಪೈಪನ್ನೇ ವೈಸಿಗೆ ಕಚ್ಚಿಸಿದರೆ ಇನ್ನೊಂದು ನೆಗ್ಗು ಉಚಿತ. ಗುಂಡು ನೆಗ್ಗಿನ ಕೆಳಗೆ ಬರುವಂತೆ ಪೈಪು ತೂರಿಸಿ, ಎರಡೂ ಕೈಯಿಂದ ಕೆಳಕ್ಕೆ ಒತ್ತಿ ಹಿಂದೆ ಮುಂದೆ ಆಡಿಸಿ. ನೆಗ್ಗು ಒಂದಷ್ಟು ಪೆಟ್ಟಿಲ್ಲದೆಯೇ ಏಳುತ್ತದೆ. ಉಳಿದದ್ದಕ್ಕೆ ನೈಲಾನ್ ಸುತ್ತಿಗೆ ಅಥವಾ ಮರದ ಕೊಡತಿ. ನೆಗ್ಗಿನ ಸುತ್ತ ಉಬ್ಬಿದ ಏಣು ಬೆರಳಿಗೆ ಸಿಗುತ್ತದಲ್ಲ, ಅದೇ ನೆಗ್ಗನ್ನು ಕೆಳಗೆ ಹಿಡಿದಿಟ್ಟಿರುವುದು. ಗುಂಡಿನಿಂದ ಒಳಗೆ ಎತ್ತಿ ಹಿಡಿದು, ಹೊರಗೆ ಆ ಏಣಿನ ಮೇಲೆ ಹಗುರ ಪೆಟ್ಟು ಹಾಕುತ್ತ ಸುತ್ತು ಬನ್ನಿ. ಪ್ರತಿ ಸುತ್ತಿಗೂ ಅರ್ಧ ಬೆರಳು ಒಳಸರಿಯಿರಿ. ನಡುಭಾಗಕ್ಕೆ ಕೊನೆಯ ಸರದಿ. ಮೊದಲೇ ನಡುವೆ ಗುಂಡು ಗುದ್ದಿ ಎತ್ತಿದರೆ ಲೋಹ ಹಿಗ್ಗುತ್ತದೆ. ಹಿಗ್ಗಿದ ತಗಡಿಗೆ ಇರಲು ಜಾಗವಿಲ್ಲದೆ, ಎಣ್ಣೆ ಡಬ್ಬಿಯ ತಳದಂತೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಟಕ್ ಟಕ್ ಎನ್ನುತ್ತದೆ. ಅದನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಪೆಟ್ಟಿನ ಸದ್ದು ಟಣ್ ಎನ್ನತೊಡಗಿ ಲೋಹ ಜಗ್ಗದಿದ್ದರೆ ಅದು ಮತ್ತೆ ಗಡಸಾಗಿದೆ. ಜೋರಾಗಿ ಬಡಿಯಬೇಡಿ. ಗ್ರೀಸ್ ತೊಳೆದು, ಸೋಪಿನ ಗೆರೆ ಎಳೆದು ಇನ್ನೊಮ್ಮೆ ಕಾಯಿಸಿ. ನೆಗ್ಗು 2 ಮಿ.ಮೀ.ಗಿಂತ ಕೆಳಗೆ ಇಳಿದ ಮೇಲೆ 52ರ ಗುಂಡು. ಕೊನೆಯ ಅರ್ಧ ಮಿಲಿಮೀಟರಿಗೆ ಹಟ ಹಿಡಿಯಬೇಡಿ, ಗಾಳಿಗೆ ಅದು ಲೆಕ್ಕಕ್ಕಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಚಿಂದಿ ಬೇಕಾದಷ್ಟು ಸಿಗುತ್ತದೆ. ನಾಲ್ಕು ಪದರ ಮಾಡಿ ಸುತ್ತಿಗೆ ಮುಖಕ್ಕೆ ಕಟ್ಟಿದರೆ ಕಲೆ ಬೀಳುವುದಿಲ್ಲ. ಪೈಪಿನ ಒಳಗೆ ಒರೆಸಲು ಮಾತ್ರ ಬೇಡ, ನೂಲು ಬಿಡುತ್ತದೆ.

ಅಡ್ಡದಾರಿಗಳು ಹಲವು ಹರಿದಾಡುತ್ತವೆ. ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಮಂಜುಗಡ್ಡೆ ಶೇ 9ರಷ್ಟು ಹಿಗ್ಗುವುದು ನಿಜ, ಆದರೆ ಅದು ನೆಗ್ಗನ್ನು ಹುಡುಕಿಕೊಂಡು ಹೋಗುವುದಿಲ್ಲ, ಬೆಸುಗೆಯನ್ನೇ ಸೀಳಬಹುದು. ಎರಡೂ ಬಾಯಿ ಮುಚ್ಚಿ ಕಂಪ್ರೆಸರ್ ಗಾಳಿ ತುಂಬುವುದು ಜೀವಕ್ಕೆ ಅಪಾಯ, ಮುಚ್ಚಳ ಬಂದೂಕಿನ ಗುಂಡಿನಂತೆ ಹಾರುತ್ತದೆ. ಬಾನೆಟ್ಟಿನ ನೆಗ್ಗು ಎಳೆಯಲು ಬಳಸುವ ರಬ್ಬರ್ ಬಟ್ಟಲು ಪೈಪಿನ ಈ ದುಂಡನೆಯ ಮೈಗೆ ಅಂಟುವುದೇ ಇಲ್ಲ. ಎಪಾಕ್ಸಿ ಲೇಪವನ್ನು ಒಳಗೆ ಮೆತ್ತಲೇಬೇಡಿ. ಕಿತ್ತು ಬಂದ ಚೂರು ಟರ್ಬೊ ಚಕ್ರಕ್ಕೇ ಹೋಗುತ್ತದೆ. ನೆಗ್ಗು ಬೆಸುಗೆಯ ಮೇಲೇ ಇದ್ದರೆ, ಮಡಿಕೆ ಚೂಪಾಗಿದ್ದರೆ ಹೊಸ ಪೈಪು ತನ್ನಿ.

ಸೋಪಿನ ನೀರಿನಿಂದ ತೊಳೆದು, ಬಿಳಿ ಹಳೇ ಪಂಚೆಯ ತುಂಡನ್ನು ಒಳಗೆ ಎಳೆಯಿರಿ; ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಬೇಡಿ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೆ ಸಿಗದು. ಒಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ನೀರು ತುಂಬಿ, ನೆಗ್ಗಿದ್ದ ಜಾಗ ಹತ್ತು ನಿಮಿಷ ಒಣಗಿದ್ದರೆ ಬಿರುಕಿಲ್ಲ. ಹೋಸ್ ತುದಿಗೆ ಗ್ರೀಸ್ ಹಚ್ಚದೆ ಒಣಗಿಯೇ ಕೂಡಿಸಿ. ಜಿಡ್ಡಿದ್ದರೆ ಜಾರಿ ಕಳಚುತ್ತದೆ. ಕ್ಲಾಂಪ್ ಪೈಪಿನ ಉಬ್ಬು ಬಳೆಯ ಮೇಲಲ್ಲ, ಅದರ ಹಿಂದೆ ಕೂರಬೇಕು. ಓಡಿಸುವಾಗ ಶಿಳ್ಳೆ ಸದ್ದು ಬಂದರೆ ಮೊದಲು ಆ ಕ್ಲಾಂಪನ್ನೇ ನೋಡಿ.