ಹಿಗ್ಗಿದ್ದೆಷ್ಟು, ಬೆಳೆದದ್ದೆಷ್ಟು: ನನ್ನ ಅನುಭವ

ಸಮೀಕರಣ ನೋಡಿದ ಕೂಡಲೇ ಇದು ಘಾತೀಯ ಬೆಳವಣಿಗೆ (ಹೆಜ್ಜೆ ಹೆಜ್ಜೆಗೂ ಅಷ್ಟಷ್ಟೇ ಪಟ್ಟು ಏರುವುದು), ಲಂಬವಾಗಿ ಇಷ್ಟು ಪಟ್ಟು ಹಿಗ್ಗಿದೆ (ಗೆರೆಯ ಎತ್ತರ ಎಲ್ಲ ಕಡೆ ಅಷ್ಟು ಪಟ್ಟಾಗಿದೆ) ಅಂತ ಮಕ್ಕಳು ಹೇಳಬೇಕು. ಇಷ್ಟೇ ಕೆಲಸ, ಆದರೆ ನನಗೆ ಮೂರು ವರ್ಷ ಹಿಡಿಯಿತು. ಗ್ರಾಫ್ ಇಲ್ಲದೆ ಇದನ್ನು ಕಲಿಸೋಕಾಗಲ್ಲ ಅಂತ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಆಗುತ್ತೆ.

ಮೊದಲು ನಾನೂ ಗ್ರಾಫನ್ನೇ ನಂಬಿದ್ದೆ. ಸ್ಕ್ರೀನ್ ಮೇಲೆ ಬೆರಳಾಡಿಸಿದರೆ ಗೆರೆ ಏಳುವ ಒಂದು ಸಾಫ್ಟ್‌ವೇರ್‌ಗೆ ವರ್ಷದ ಚಂದಾ ಕಟ್ಟಿದೆ, ಹೆಚ್ಚುಕಡಿಮೆ ಒಂದು ತಿಂಗಳ ಟ್ಯೂಷನ್ ದುಡ್ಡು. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಗುಣಕ (ಮುಂದೆ ನಿಂತು ಗುಣಿಸೋ ಸಂಖ್ಯೆ) ಏರಿಸಿದರೂ ಗೆರೆ ಕಡಿದಾಗುತ್ತೆ, ಆಧಾರ (ಘಾತ ಹೊತ್ತ ಸಂಖ್ಯೆ) ಏರಿಸಿದರೂ ಕಡಿದಾಗುತ್ತೆ, ಕಣ್ಣಿಗೆ ಎರಡೂ ಒಂದೇ ಅಲ್ವಾ? ಪರೀಕ್ಷೆಯಲ್ಲಿ 3 × 2ರ ಘಾತ ಎಕ್ಸ್ (ಘಾತ 2ಕ್ಕೆ ಮಾತ್ರ, ಬಂದದ್ದರ 3 ಪಟ್ಟು) ಕೊಟ್ಟರೆ, 40 ಜನರಲ್ಲಿ 25 ಮಂದಿಯಾದರೂ ಅದನ್ನು 6ರ ಘಾತ ಎಕ್ಸ್ ಮಾಡಿ ಕೂತಿದ್ದರು. ದುಡ್ಡು ನೀರಲ್ಲಿ ಹೋಯ್ತು.

ಆಮೇಲೆ ಗ್ರಾಫ್ ಬಂದ್. ಎಕ್ಸ್‌ಗೆ 0 ಹಾಕು, 1 ಹಾಕು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸು. ಇಲ್ಲಿ 3, 6 ಬರುತ್ತೆ, ಭಾಗಿಸಿದರೆ 2. ಹಿಗ್ಗಿದ್ದು 3 ಪಟ್ಟು, ಬೆಳೆಯೋದು ಹೆಜ್ಜೆಗೆ 2 ಪಟ್ಟು. ಭಾಗಿಸಿ ಬಂದದ್ದು 1ಕ್ಕಿಂತ ಕಮ್ಮಿಯಾದರೆ ಕುಗ್ಗುತ್ತೆ. 100 × 0.9ರ ಘಾತ ಎಕ್ಸ್ ನೋಡಿ 'ಭಾರೀ ಬೆಳವಣಿಗೆ ಸಾರ್' ಅನ್ನುತ್ತಿದ್ದವರು ಆಗ ಸುಮ್ಮನಾದರು.

ಇಲ್ಲೂ ಒಮ್ಮೆ ಮುಗ್ಗರಿಸಿದೆ. 3ಎಕ್ಸ್ + 3 ಕೊಟ್ಟಾಗಲೂ 3, 6 ಬಂತು, ಇಡೀ ಕ್ಲಾಸ್ 'ಘಾತೀಯ' ಅಂತ ಬರೆಯಿತು. ತಪ್ಪು ನನ್ನದೇ. ಈಗ ಎಕ್ಸ್‌ಗೆ 2 ಹಾಕದೆ ಬಿಡಲ್ಲ: ಒಂದು 9ಕ್ಕೆ ಹೋಗುತ್ತೆ, ಇನ್ನೊಂದು 12ಕ್ಕೆ. ಇದೇ ಹೊತ್ತಿಗೆ ಒಬ್ಬ ಹುಡುಗಿ 3, 6, 12, 24ರ ಕೆಳಗೆ 6ರ ಘಾತ ಎಕ್ಸ್‌ನ 1, 6, 36, 216 ಬರೆದು, ಆ 6ಕ್ಕೆ ಮಾತ್ರ ಸುತ್ತು ಹಾಕಿ ತೋರಿಸಿದಳು: 'ಸಾರ್, ನಾವೆಲ್ಲ 1 ಹಾಕಿಯೇ ತಾಳೆ ನೋಡ್ತಿದ್ವಿ, ಅದಕ್ಕೇ ಸರಿ ಅನಿಸ್ತಿತ್ತು.' ಮೂರು ವರ್ಷ ನನಗೆ ಹೊಳೆಯದ್ದು!

ಸಮೀಕರಣಗಳನ್ನು ಕಾರ್ಡ್ ಮೇಲೆ ಬರೆದು ಒಂದು ಕ್ರಮದಲ್ಲಿ ಕೊಡುತ್ತೇನೆ. ಆ ಕ್ರಮ ಮಾತ್ರ ಹೇಳಲ್ಲ, ಕ್ಷಮಿಸಿ. 2ರ ಘಾತ ಎಕ್ಸ್ + 5 ಕೊನೆಯ ಕಡೆ ಇರಲಿ, ಅಷ್ಟು ಸಾಕು. 6, 7, 9, 13 ಬರುತ್ತೆ, ಭಾಗಿಸಿದರೆ ಏನೂ ಹೊಂದಲ್ಲ. ಒಂದರಿಂದೊಂದು ಕಳೆದು ನೋಡಿದರೆ 1, 2, 4, ಅಲ್ಲಿ ದುಪ್ಪಟ್ಟು ಕಾಣುತ್ತೆ.

ಹೋದ ಸಲ ಹತ್ತರಲ್ಲಿ ಒಂಬತ್ತು ಮಂದಿ ಸರಿ ಬರೆದರು. ನಕ್ಕಿದ್ದವರೇ ಕಾರ್ಡ್ ಕೇಳಿಕೊಂಡು ಬಂದರು.

ಗ್ರಾಫ್ ಪೂರ್ತಿ ಬಿಟ್ಟಿಲ್ಲ, ಕೊನೆಗೆ ತರುತ್ತೇನೆ. ಟ್ರೇಸಿಂಗ್ ಪೇಪರ್ ಮೇಲೆ 2ರ ಘಾತ ಎಕ್ಸ್ ಬರೆದು ಎಡಕ್ಕೆ 3 ಮನೆ ಜರುಗಿಸಿದರೆ 8 × 2ರ ಘಾತ ಎಕ್ಸ್ ಮೇಲೆ ಸರಿಯಾಗಿ ಕೂರುತ್ತೆ. ಹಿಗ್ಗಿಸೋದು, ಜರುಗಿಸೋದು ಇಲ್ಲಿ ಒಂದೇ. 'ಹಾಗಾದರೆ 3 ಪಟ್ಟಿಗೆ ಎಷ್ಟು ಮನೆ?' ಅಂತ ಕೇಳಿ ಸುಮ್ನೆ ಕೂತೆ. ಲಾಗ್ (ಘಾತ ಎಷ್ಟು ಅಂತ ಹುಡುಕೋ ಲೆಕ್ಕ) ಇನ್ನೂ ಕಲಿಸಿರಲಿಲ್ಲ. ಪೇಪರ್ ಜರುಗಿಸಿ ಜರುಗಿಸಿ, ಹಿಂದಿನ ಬೆಂಚಿನವರು ಸುಮಾರು 1.6 ಅಂದರು.