ತಿದಿ ತುಳಿಯುತ್ತ ಕಲಿತದ್ದು

ನಮ್ಮೂರ ಚರ್ಚಿನ ಕಾಲು ಹಾರ್ಮೋನಿಯಂಗೆ ಎರಡು ಪೆಡಲ್ ಇದ್ದವು. ಹಳೇ ಕಂಪನಿ ನಾಟಕದವರ ಹತ್ತಿರ ಇರುತ್ತಿತ್ತಲ್ಲ, ಅಂಥದ್ದೇ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ತುಳಿದರೆ ಸ್ವರ, ನಿಲ್ಲಿಸಿದರೆ ಕರು ನರಳಿದ ಹಾಗೆ ಒಂದು ಸದ್ದು. ಒಳಗಿನ ತಿದಿಯ ಚರ್ಮ ಹರಿದು, ಅದಕ್ಕೆ ಯಾರೋ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದರು. ಹನ್ನೊಂದನೇ ವಯಸ್ಸಿಗೆ ನನ್ನನ್ನು ಅದರ ಮುಂದೆ ಕೂರಿಸಿದರು. ನನ್ನ ಪ್ರತಿಭೆ ನೋಡಿ ಏನಲ್ಲ. ಬಾರಿಸುತ್ತಿದ್ದ ಟೀಚರಿಗೆ ವರ್ಗ ಆಗಿತ್ತು, ನಮ್ಮ ಮನೆ ಚರ್ಚಿನ ಪಕ್ಕದಲ್ಲೇ ಇತ್ತು.

ನಮ್ಮದು ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಪರಂಪರೆಯ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು ತಮ್ಮ ಜೊತೆ ಜರ್ಮನ್ ರಾಗಗಳನ್ನೂ ತಂದಿದ್ದರು. ಅದಕ್ಕೆ ಕನ್ನಡದ ಮಾತು ಕೂಡಿಸಿ ಹಾಡುತ್ತ ಬಂದವರು ನಾವು. ಅವು ಜರ್ಮನ್ ಅಂತ ನನಗೆ ಗೊತ್ತೇ ಇರಲಿಲ್ಲ. ಅಜ್ಜಿ ಅಕ್ಕಿ ಆರಿಸುತ್ತ ಗುನುಗುವ ರಾಗ ಅಂದರೆ ನಮ್ಮದೇ ಅಲ್ವಾ?

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಟ್ರಿನಿಟಿ ಕಾಲೇಜಿನ ಪಿಯಾನೋ ಪರೀಕ್ಷೆಗಳು, ಬಿ.ಕಾಂ., ಮನೆಯವರ ಸಮಾಧಾನಕ್ಕೆ ಎರಡು ವರ್ಷ ಲೆಕ್ಕ ಬರೆಯುವ ಕೆಲಸ. ಕೊನೆಗೆ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಒಹಾಯೋ ರಾಜ್ಯಕ್ಕೆ ಹೋದೆ. ಪಿಯಾನೋ ಕಲಿಯೋಕೆ ಹೋದವಳು ಪೈಪ್ ಆರ್ಗನ್ ಮುಂದೆ ಕೂತೆ. ಸಾಲು ಸಾಲು ಪೈಪುಗಳಿಗೆ ಗಾಳಿ ಬಿಟ್ಟು ನುಡಿಸುವ ದೊಡ್ಡ ವಾದ್ಯ ಅದು. ಹೋಗಿ ಸೇರಿದ್ದೂ ಅದಕ್ಕೆ ಒಳ್ಳೇ ಜಾಗಕ್ಕೇ. ಆರ್ಗನ್ ಕಟ್ಟುವ ಹಳೇ ಕಂಪನಿಗಳು ಆ ರಾಜ್ಯದಲ್ಲೇ ಇದ್ದವು. ಕ್ಲೀವ್‌ಲೆಂಡಿನಲ್ಲಿ ಹೋಲ್ಟ್‌ಕ್ಯಾಂಪ್, ಆರ್‌ವಿಲ್ ಊರಿನಲ್ಲಿ ಶ್ಯಾಂಟ್ಸ್. ಒಬರ್ಲಿನ್ ಕಾಲೇಜಿನಲ್ಲಂತೂ ಒಂದಕ್ಕಿಂತ ಒಂದು ಬೇರೆ ಥರದ ಆರ್ಗನ್‌ಗಳು. ಬಸ್ಸಿಗೆ ದುಡ್ಡು ಕೂಡಿಸಿ ಕೇಳೋಕೆ ಹೋಗುತ್ತಿದ್ದೆ.

ಮೊದಲ ಪಾಠ ಇನ್ನೂ ನೆನಪಿದೆ. ನಾನು ಪಿಯಾನೋದವರ ಥರ ಜೋರಾಗಿ, ಮೆಲ್ಲಗೆ ಒತ್ತುತ್ತಿದ್ದೆ. ಗುರುಗಳು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಅಂದರು: ಒತ್ತೋದು ಎಲ್ಲರಿಗೂ ಬರುತ್ತೆ, ನೀನು ಎತ್ತೋದು ಯಾವಾಗ?

ಇಡೀ ವಿದ್ಯೆ ಇರೋದು ಅಲ್ಲೇ. ಪಿಯಾನೋದಲ್ಲಿ ತಂತಿಗೆ ಪೆಟ್ಟು ಬಿದ್ದ ಕ್ಷಣದಿಂದ ಸ್ವರ ಸಾಯುತ್ತ ಹೋಗುತ್ತದೆ. ಆರ್ಗನ್ನಿನ ಸ್ವರಕ್ಕೆ ಸಾವಿಲ್ಲ. ಬೆರಳು ಎತ್ತುವ ತನಕ ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಎಷ್ಟು ಜೋರಾಗಿ ಗುದ್ದಿದರೂ ಅದೇ ಸದ್ದು. ಹಾಗಾದರೆ ತಾಳದ ಒಂದು ಏಟಿಗೆ ಒತ್ತು ಕೊಡೋದು ಹೇಗೆ? ಅದರ ಹಿಂದಿನ ಸ್ವರವನ್ನು ಕೂದಲೆಳೆಯಷ್ಟು ಬೇಗ ಬಿಡಬೇಕು. ಆ ಸಣ್ಣ ಸಂದು ಕೇಳುವವರ ಕಿವಿಗೆ ಒತ್ತಾಗಿ ತಲುಪುತ್ತದೆ. ಇದು ತಲೆಗೆ ಹೋಗೋಕೆ ಒಂದು ವಾರ, ಬೆರಳಿಗೆ ಇಳಿಯೋಕೆ ನಾಲ್ಕು ವರ್ಷ ಹಿಡಿಯಿತು.

ಕಾಲಿನದ್ದು ಇನ್ನೊಂದು ಕಥೆ. ಊರಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ತುಳಿದವಳು ನಾನು. ಇಲ್ಲಿ ಕಾಲಿಗೇ 32 ಮನೆಗಳ, ಅಂದರೆ ಒತ್ತುವ ಕೀಗಳ, ಸಾಲು, ಅದಕ್ಕೆ ಚರ್ಮದ ಅಟ್ಟೆಯ ಬೇರೆ ಶೂ. ಗಾಳಿ ಊದುವ ಕೆಲಸ ಮೋಟರಿನದ್ದು. ಕಾಲು ಈಗ ರಾಗ ನುಡಿಸಬೇಕು. ಕಲಿಯುವವರಿಗೆಂದೇ ಜರ್ಮನಿಯ ಸಂಗೀತಕಾರ ಬಾಕ್ ಒಂದು ಪುಟ್ಟ ಆರ್ಗನ್ ಪುಸ್ತಕ ಬರೆದಿದ್ದಾನೆ. ಪೆಡಲ್ ಅಭ್ಯಾಸವೂ ಆಗಲಿ ಅಂತ ಮೊದಲ ಪುಟದಲ್ಲೇ ಹೇಳಿಕೊಂಡಿದ್ದಾನೆ. ಜರ್ಮನ್ ಚರ್ಚ್ ಗೀತೆಗಳ 164 ರಾಗಗಳಿಗೆ ಯೋಜನೆ ಹಾಕಿ, ಮುಗಿಸಿದ್ದು 46 ಮಾತ್ರ. ಒಂದು ಸಂಜೆ ಅದರಲ್ಲಿ ಒಂದನ್ನು ಮೆಲ್ಲಗೆ ಓದುತ್ತ ನುಡಿಸುತ್ತಿದ್ದೆ. ಮೂರನೇ ಸಾಲಿಗೆ ಬಂದಾಗ ನನ್ನ ಬಾಯಿ ತಾನಾಗಿ ಕನ್ನಡದಲ್ಲಿ ಹಾಡುತ್ತಿತ್ತು. ಅಜ್ಜಿಯ ರಾಗ! ಮೇಲಿನ ಕೈಯಲ್ಲಿ ಅದು, ಕೆಳಗೆ ಕಾಲು ಬೇರೇನೋ ಹೇಳುತ್ತಿದೆ. ಅವತ್ತು ಕೀಲಿ ಕೊಡೋಕೆ ಬಂದ ಕಾವಲುಗಾರ ನಾನು ಅಳೋದು ನೋಡಿ ಡಾಕ್ಟರಿಗೆ ಫೋನ್ ಮಾಡಲಾ ಅಂತ ಕೇಳಿದ.

ಕೆಲಸ ಸಿಕ್ಕಿತು. ಯೂನಿವರ್ಸಿಟಿ ಆರ್ಗನಿಸ್ಟ್ ಅಂದರೆ ಊರಲ್ಲಿ ಏನೋ ದೊಡ್ಡದು ಅಂದುಕೊಳ್ಳುತ್ತಾರೆ. ವಾರಕ್ಕೆ ಎರಡು ಆರಾಧನೆ, ಮೂರು ದಿನ ಹಾಡುವ ತಂಡದ ಅಭ್ಯಾಸ, ಒಬ್ಬೊಬ್ಬರಿಗೇ ಪಾಠ, ಬೆಳಿಗ್ಗೆ ಎಂಟಕ್ಕೆ ನಿದ್ದೆಗಣ್ಣಿನ ಮಕ್ಕಳಿಗೆ ಹಾರ್ಮನಿ ತರಗತಿ. ನಡುನಡುವೆ ಮದುವೆ, ಸಾವು. ಒಂಟಿಯಾಗಿ ಕಛೇರಿ ಕೊಡೋದು ವರ್ಷಕ್ಕೆ ಎರಡೋ ಮೂರೋ ಸಲ. ಉಳಿದದ್ದೆಲ್ಲ ಪಕ್ಕವಾದ್ಯವೇ.

ಪದವಿ ಪ್ರದಾನದ ದಿನ ಅತಿ ಕಷ್ಟ. ಮೆರವಣಿಗೆ ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೊನೆಯ ಪ್ರೊಫೆಸರ್ ಕುರ್ಚಿ ಮುಟ್ಟಿದ ಕ್ಷಣ ಸಂಗೀತ ಸರಿಯಾಗಿ ಮುಗಿಯಬೇಕು. ಪುಸ್ತಕದಲ್ಲಿರುವುದು ಮುಗಿದ ಮೇಲೆ ಕೈಗೆ ಬಂದದ್ದನ್ನು ಕಟ್ಟುತ್ತ ಹೋಗಬೇಕು. 1896ರಲ್ಲಿ ಶುರುವಾದ ಅಮೆರಿಕನ್ ಗಿಲ್ಡ್ ಆಫ್ ಆರ್ಗನಿಸ್ಟ್ಸ್ ನಡೆಸುವ ಪರೀಕ್ಷೆಗಳಲ್ಲಿ ಶ್ರುತಿ ಬದಲಿಸಿ ನುಡಿಸುವುದು, ಸ್ಥಳದಲ್ಲೇ ಕಟ್ಟಿ ನುಡಿಸುವುದು ಎಲ್ಲ ಇರುತ್ತದೆ. ಓದುವಾಗ ಬೈದುಕೊಂಡಿದ್ದೆ. ಅನ್ನ ಹಾಕಿದ್ದು ಅದೇ.

ಒಂದು ವರ್ಷ ಮೆರವಣಿಗೆ ಮುಗಿಯಿತು, ಕೈ ಎತ್ತಿದೆ, ಒಂದು ಸ್ವರ ಮಾತ್ರ ಕೂಗುತ್ತಲೇ ಇತ್ತು. ಪೈಪಿನ ಕೆಳಗಿನ ಕವಾಟದಲ್ಲಿ ಏನೋ ಕಸ ಸಿಕ್ಕಿಕೊಂಡಿರುತ್ತದೆ. ಆ ಪೈಪುಗಳ ಸಾಲನ್ನು ಮುಚ್ಚುವ ಗುಂಡಿ, ಸ್ಟಾಪ್, ಒಳಗೆ ತಳ್ಳಿದರೂ ನಿಲ್ಲಲಿಲ್ಲ. ಮೈಕಿನ ಮುಂದೆ ನಿಂತ ದೊಡ್ಡವರು ನನ್ನ ಕಡೆ ತಿರುಗಿ ನೋಡುತ್ತಿದ್ದಾರೆ. ಮೋಟರ್ ಆರಿಸಿದರೆ ಇಡೀ ವಾದ್ಯ ಕೋಣದ ಹಾಗೆ ಮುಲುಗುತ್ತ ಸಾಯುತ್ತದೆ. ನನ್ನ ವಿದ್ಯಾರ್ಥಿನಿ ಒಬ್ಬಳು ಗೌನ್ ಎತ್ತಿ ಕಟ್ಟಿ ಏಣಿ ಹತ್ತಿದಳು. ನೂರಾರು ಪೈಪುಗಳ ನಡುವೆ ಕಿವಿ ಹಿಡಿದು ಹುಡುಕಿ, ಆ ಒಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದಳು. ಆ ವರ್ಷ ಅವಳಿಗೆ ನಾನು ಏನು ಗ್ರೇಡ್ ಕೊಟ್ಟೆ ಅಂತ ಕೇಳಬೇಡಿ.

ಹವಾಮಾನದ ಕಾಟವೂ ಸಣ್ಣದಲ್ಲ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ಓಟ ಹೆಚ್ಚುತ್ತದೆ, ಕೊಳಲಿನಂಥ ಪೈಪುಗಳ ಶ್ರುತಿ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ, ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರದ ಮೂರನೇ ಒಂದು ಭಾಗದ ಹತ್ತಿರ. ಆದರೆ ಟ್ರಂಪೆಟ್ ಥರದ, ಒಳಗೆ ಹಿತ್ತಾಳೆ ನಾಲಿಗೆ ಇರುವ ಪೈಪುಗಳು ಜಾಸ್ತಿ ಅಲ್ಲಾಡುವುದಿಲ್ಲ. ಎರಡೂ ಜಗಳಕ್ಕೆ ನಿಲ್ಲುತ್ತವೆ. ಹಾಗಾಗಿ ಶ್ರುತಿ ಕೂಡಿಸುವ ಟ್ಯೂನರ್ ಬರುವ ಮುನ್ನಾದಿನವೇ ಹೀಟರ್ ಹಚ್ಚಿಸಿ, ಬಾಗಿಲಿಗೆ ಚೀಟಿ ಅಂಟಿಸುವುದು ನನ್ನ ಕೆಲಸ.

ಪಾಠ ಹೇಳಲು ಶುರು ಮಾಡಿದಾಗ ನನ್ನ ಗುರುಗಳ ಮಾತನ್ನೇ ಹೇಳುತ್ತಿದ್ದೆ. ಎತ್ತಿ, ಎತ್ತಿ, ಎತ್ತಿ. ಮಕ್ಕಳು ಎತ್ತುತ್ತಿದ್ದರು, ಬಿಸಿ ಬಾಣಲೆ ಮುಟ್ಟಿದವರ ಹಾಗೆ. ಸಾಲು ಸಾಲೂ ತುಂಡು ತುಂಡು. ಸಭೆ ಹಾಡುವಾಗ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಎತ್ತುತ್ತಿರಲಿಲ್ಲ. ಯಾಕೆ ಅಂತ ತಿಳಿಯಲು ನನಗೇ ಮೂರು ವರ್ಷ ಬೇಕಾಯಿತು. ಮೋಟರಿನ ಗಾಳಿಗೆ ದಣಿವಿಲ್ಲ. ಇವರು ಯಾವತ್ತೂ ಗಾಳಿಗಾಗಿ ಕಷ್ಟಪಟ್ಟವರೇ ಅಲ್ಲ.

ಆಗ ಎಸ್ಟಿ ಕಂಪನಿಯ ಒಂದು ಹಳೇ ರೀಡ್ ಆರ್ಗನ್ ತಂದೆ, ನಮ್ಮೂರ ಕಾಲು ಹಾರ್ಮೋನಿಯಂ ಥರದ್ದು. ಅಮೆರಿಕದ ವರ್ಮಾಂಟ್ ರಾಜ್ಯದ ಆ ಕಂಪನಿ 5 ಲಕ್ಷಕ್ಕೂ ಹೆಚ್ಚು ಮಾಡಿ ಮಾರಿತ್ತು. ಈಗ ಹೊತ್ತುಕೊಂಡು ಹೋಗಿ ಮಾರಾಯ್ರೆ ಅಂತ ಜನ ಪುಕ್ಕಟೆ ಕೊಡುತ್ತಾರೆ. ನಮ್ಮೂರದ್ದು ಗಾಳಿ ಊದುತ್ತಿತ್ತು, ಇದು ಹೀರುತ್ತದೆ. ಕಾಲಿಗೆ ಎರಡೂ ಒಂದೇ. ಹೊಸಬರು ಮೊದಲ ತಿಂಗಳು ಇದರಲ್ಲೇ ಗೀತೆ ನುಡಿಸಬೇಕು, ಬಾಯಲ್ಲಿ ಹಾಡಲೂ ಬೇಕು. ಎರಡನೇ ಸಾಲಿಗೆ ತಿದಿ ಖಾಲಿ, ಹಾಡುವವರ ಎದೆಯೂ ಖಾಲಿ. ಅಲ್ಲಿ ಕೈ ತಾನಾಗಿ ಏಳುತ್ತದೆ. ನಾನು ಬಾಯಿ ಬಿಡಬೇಕಾಗಿಲ್ಲ. ಸಹೋದ್ಯೋಗಿಗಳು ಮೊದಲು ನಕ್ಕರು. ಆಮೇಲೆ ಹಾಡುಗಾರಿಕೆಯ ಮೇಷ್ಟ್ರು ತಮ್ಮ ಮಕ್ಕಳನ್ನೂ ಕಳಿಸತೊಡಗಿದರು.

ಈ ಬೇಸಿಗೆಯಲ್ಲಿ ದೊಡ್ಡ ಆರ್ಗನ್ ಬಿಚ್ಚುತ್ತಿದ್ದಾರೆ. ಪ್ರತಿ ಪೈಪಿನ ಕೆಳಗೂ ನಾಣ್ಯದಷ್ಟು ಅಗಲದ ಚರ್ಮದ ಚೀಲವಿದೆ. ಅದರ ಆಯಸ್ಸು 50–60 ವರ್ಷ, ನಮ್ಮದು ಮುಗಿಯಿತು. ಕೆಲವು ಮನೆ ಒತ್ತಿದರೆ ಸದ್ದೇ ಇಲ್ಲ. ಸಾವಿರಾರು ಚೀಲ ಕೈಯಲ್ಲೇ ಅಂಟಿಸಬೇಕಂತೆ, ಒಂದು ವರ್ಷದ ಕೆಲಸ. ಅಲ್ಲಿಯ ತನಕ ಆರಾಧನೆಗೆ ಬಾಡಿಗೆಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ತರೋಣ ಅಂದರು. ಬೇಡ, ಎಸ್ಟಿ ಇದೆ ಅಂದುಬಿಟ್ಟೆ. ಈಗ ದಿನಾ ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೇನೆ. ಅದರ ತಿದಿಯಲ್ಲೂ ಎಡಗಡೆ ಸಣ್ಣ ಬಿರುಕು ಕಾಣಿಸಿದೆ. ಇಲ್ಲಿ ಸೈಕಲ್ ಅಂಗಡಿ ಎಲ್ಲಿದೆ ಅಂತ ನಿನ್ನೆ ವಿಚಾರಿಸಿ ಬಂದೆ.