ಕಾಸರಗೋಡಿನಿಂದ ನೀಲಗಿರಿಯ ಕೆರೆಗಳಿಗೆ: ಮಕ್ಕಳ ಬೇಸಿಗೆ ರಜೆಯ ಪ್ರವಾಸವನ್ನು ನಾವು ಹೊಂದಿಸುವ ಬಗೆ

ಬೇಸಿಗೆ ಪ್ರವಾಸದ ಸುಖದುಃಖ ಅರ್ಧಕ್ಕರ್ಧ ತಾರೀಕಿನಲ್ಲೇ ತೀರ್ಮಾನವಾಗುತ್ತದೆ. ಈ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲವಿದೆ, ಆದರೆ ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದಿಲ್ಲ. ನಮ್ಮ ಕನ್ನಡ ಶಾಲೆಗಳೂ ಕೇರಳದ ವೇಳಾಪಟ್ಟಿಯಂತೆಯೇ ನಡೆಯುವುದರಿಂದ ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ, ಏಪ್ರಿಲ್ ಹುಟ್ಟುವಾಗಲೇ ರಜೆ. ಕರ್ನಾಟಕದ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ, ತಮಿಳುನಾಡಿನವರಿಗೆ ಇನ್ನೂ ತಡ. ಹಾಗಾಗಿ ಏಪ್ರಿಲ್ ಮೊದಲ ವಾರದಲ್ಲಿ ಹೊರಟು ವಿಷುವಿಗೆ ಮೊದಲು ಮನೆ ಸೇರುವುದು ನಮ್ಮ ಪದ್ಧತಿ. ಆ ವಾರದಲ್ಲಿ ಗುಡ್ ಫ್ರೈಡೇ ಬಿದ್ದಿದೆಯೇ ಎಂದು ಮಾತ್ರ ಕ್ಯಾಲೆಂಡರ್ ನೋಡಿಕೊಳ್ಳಬೇಕು. ಬಿದ್ದಿದ್ದರೆ ಆ ಶುಕ್ರ, ಶನಿ, ಭಾನುವಾರಗಳನ್ನು ಬಿಟ್ಟು ಮಧ್ಯದ ದಿನಗಳನ್ನು ಹಿಡಿಯಬೇಕು.

ಮೇ ತಿಂಗಳಲ್ಲಿ ಹೋಗುವುದಾದರೆ ಊಟಿಯ ಸಸ್ಯೋದ್ಯಾನದ ಪುಷ್ಪ ಪ್ರದರ್ಶನದ ದಿನಗಳನ್ನು ತಪ್ಪಿಸಿ. ಹೂ ನೋಡುವುದೇ ಉದ್ದೇಶವಾದರೆ ಆ ಮಾತು ಬೇರೆ. ಕೆರೆ ನೋಡಲು ಹೊರಟವರಿಗೆ ಆ ದಿನಗಳಲ್ಲಿ ಸಿಗುವುದು ವಾಹನಗಳ ಸಾಲು ಮಾತ್ರ.

ಎರಡನೇ ಕೆಲಸ ಇ-ಪಾಸ್, ಅಂದರೆ ವಾಹನದ ಪ್ರವೇಶಕ್ಕೆ ಆನ್‌ಲೈನಿನಲ್ಲಿ ಪಡೆಯುವ ಅನುಮತಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಇದು ಕಡ್ಡಾಯವಾಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಮಿತಿಯೂ ಬಂತು. ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಕೊಡೈಗೆ 4,000 ಮತ್ತು 6,000. ಮಿತಿ ಇದೆ ಎಂದರೆ ತುಂಬಿದ ಮೇಲೆ ಸಿಗುವುದಿಲ್ಲ ಎಂದೇ ಅರ್ಥ. ಅದಕ್ಕೇ ನಾವು ಮೊದಲು ಪಾಸ್, ಆಮೇಲೆ ರೂಮಿನ ಮುಂಗಡ ಎಂಬ ಕ್ರಮ ಇಟ್ಟುಕೊಂಡಿದ್ದೇವೆ. ಅರ್ಜಿಯಲ್ಲಿ ವಾಹನದ ನಂಬರು, ಜನರ ಸಂಖ್ಯೆ, ಹೋಗುವ ಮತ್ತು ಮರಳುವ ದಿನ, ಉಳಿಯುವ ಜಾಗ ಕೇಳುತ್ತಾರೆ. ಬಾಡಿಗೆ ವಾಹನವಾದರೆ ಬರುವ ಗಾಡಿಯ ನಂಬರು ಖಚಿತವಾದ ಮೇಲೆಯೇ ತುಂಬಿಸಬೇಕು, ಏಕೆಂದರೆ ಪಾಸ್ ಇರುವುದು ವಾಹನಕ್ಕೆ. ಕೊನೇ ಗಳಿಗೆಯಲ್ಲಿ ಟ್ರಾವೆಲ್ಸಿನವರು ಬೇರೆ ಗಾಡಿ ಕಳಿಸಿದರೆ ಹಳೇ ಪಾಸ್ ಕೆಲಸಕ್ಕೆ ಬಾರದು. ಪಾಸನ್ನು ಕಾಗದದಲ್ಲಿ ತೆಗೆದಿಟ್ಟುಕೊಳ್ಳಿ, ಕಾಡಿನ ನಡುವಿನ ತಪಾಸಣೆಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬಾರದು. ಬಸ್ಸು, ರೈಲಿನಲ್ಲಿ ಹೋಗುವವರಿಗೆ ಇದರ ಗೊಡವೆಯೇ ಇಲ್ಲ.

ಕೊಡೈಯಲ್ಲಿ ಕೆರೆಯ ಸುತ್ತ ಸುಮಾರು 5 ಕಿ.ಮೀ. ನಡೆಯುವ ದಾರಿ ಇದೆ, ಬಹಳ ಚಂದ. ಆದರೆ ಪಾಲಕ್ಕಾಡ್, ಪೊಳ್ಳಾಚಿ, ಪಳನಿ ದಾಟಿ ಹೋಗುವ ದೂರಕ್ಕೆ ಹೋಗಿಬರುವುದರಲ್ಲೇ ರಜೆ ಕರಗುತ್ತದೆ. ಎರಡೇ ದಿನ ಇದ್ದರೆ ವಯನಾಡಿನ ಪೂಕ್ಕೋಡ್ ಕೆರೆ ಸಾಕು. ಅದು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಆದ್ದರಿಂದ ಚಳಿಯ ಆಸೆ ಇಟ್ಟುಕೊಳ್ಳಬೇಡಿ. ಊಟಿ ಇರುವುದು 2,240 ಮೀಟರಿನಲ್ಲಿ. ಕರಾವಳಿಯ ಸೆಕೆಯಿಂದ ಹೊರಟವರಿಗೆ ರಾತ್ರಿ ಕಂಬಳಿ ಬೇಕೆನಿಸುವುದು ಅಲ್ಲಿ. ನಾಲ್ಕು ರಾತ್ರಿ ಸಿಗುವುದಾದರೆ ನೀಲಗಿರಿಯೇ ನಮ್ಮ ಆಯ್ಕೆ.

ಕಾಸರಗೋಡಿನಿಂದ ಕಣ್ಣೂರು, ಕೂತುಪರಂಬ, ನೆಡುಂಪೊಯಿಲ್ ಚುರ (ಘಾಟಿ) ಹತ್ತಿ ಮಾನಂದವಾಡಿ, ಸುಲ್ತಾನ್ ಬತ್ತೇರಿ, ಗೂಡಲೂರು, ಊಟಿ. ಒಟ್ಟು ಸುಮಾರು 300 ಕಿ.ಮೀ. ಮಕ್ಕಳು ಮತ್ತು ಅಜ್ಜ-ಅಜ್ಜಿ ಇದ್ದರೆ ಇದನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ನಿಂತು ಕೂತು ಹೋಗುವಾಗ ಹತ್ತು ಗಂಟೆ ಹಿಡಿಯುತ್ತದೆ, ಕೊನೆಯ 50 ಕಿ.ಮೀ. ಪೂರ್ತಿ ಘಾಟಿ, ಅದೂ ಚಾಲಕ ದಣಿದಿರುವ ಸಂಜೆಯ ಹೊತ್ತಿಗೆ, ಮೋಡ ಕವಿಯುವ ಸಮಯಕ್ಕೆ. ಮೊದಲ ರಾತ್ರಿ ಬತ್ತೇರಿಯಲ್ಲಿ ತಂಗಿ, ಮರುದಿನ ಏಳು ಗಂಟೆಗೆ ಹೊರಟರೆ ಹತ್ತರ ಹೊತ್ತಿಗೆ ಪೈಕಾರ ತಲುಪಬಹುದು. ಊಟಿಗೆ ಇನ್ನೂ 20 ಕಿ.ಮೀ. ಇರುವಾಗಲೇ ಪೈಕಾರ ಸಿಗುತ್ತದೆ, ಅಂದರೆ ಮೊದಲ ಕೆರೆ ದಾರಿಯಲ್ಲೇ ಮುಗಿಯುತ್ತದೆ. ಮುಳ್ಳೇರಿಯ, ಅಡೂರು ಕಡೆಯವರಿಗೆ ಜಾಲ್ಸೂರು, ಸುಳ್ಯ, ಮಡಿಕೇರಿ, ಮೈಸೂರಾಗಿ ಹೋಗುವ ದಾರಿಯೂ ಇದೆ. ಅದರಲ್ಲಿ ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಕೋಝಿಕ್ಕೋಡ್ ಕಡೆಯಿಂದ ವಯನಾಡಿಗೆ ಹತ್ತುವ ತಾಮರಶ್ಶೇರಿ ಚುರದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಶನಿವಾರ ಒಂದು ಲಾರಿ ಕೆಟ್ಟು ನಿಂತರೂ ಗಂಟೆಗಟ್ಟಲೆ ಹೋಗುತ್ತದೆ, ಆದ್ದರಿಂದ ವಾರಾಂತ್ಯದಲ್ಲಿ ಆ ದಾರಿಯನ್ನು ನಾವು ಮುಟ್ಟುವುದಿಲ್ಲ.

ಪೆಟ್ರೋಲಿನ ಲೆಕ್ಕ ಹೀಗೆ. ಹೋಗಿಬರಲು 600, ಮೇಲೆ ತಿರುಗಾಡಲು 120, ಒಟ್ಟು 720 ಕಿ.ಮೀ. ಘಾಟಿ ಸೇರಿಸಿ ಲೀಟರಿಗೆ 13 ಎಂದು ಹಿಡಿದರೆ 55 ಲೀಟರ್. ಗೂಡಲೂರಿನಲ್ಲಿ ತಮಿಳುನಾಡಿನ ದರ, ಕೇರಳಕ್ಕಿಂತ ಅಗ್ಗ. ಬತ್ತೇರಿಯಲ್ಲಿ ತುಂಬಿಸದೆ ಅಲ್ಲಿ ತುಂಬಿಸಿಕೊಳ್ಳಿ.

ಕಾರಿಲ್ಲದವರಿಗೆ ರೈಲು ಒಳ್ಳೆಯದು. ಮಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಹಗಲು ಗಾಡಿಗಳು ಕಾಸರಗೋಡಿನಲ್ಲಿ ನಿಲ್ಲುತ್ತವೆ. ರಾತ್ರಿ ಮೆಟ್ಟುಪಾಳಯದಲ್ಲಿ ತಂಗಿದರೆ ಬೆಳಗ್ಗೆ 7.10ರ ಬೆಟ್ಟದ ರೈಲು ಹಿಡಿಯಬಹುದು. 46 ಕಿ.ಮೀ. ದೂರಕ್ಕೆ ಸುಮಾರು ಐದು ಗಂಟೆ. 1908ರಲ್ಲಿ ಊಟಿಯವರೆಗೆ ಬಂದ ಈ ದಾರಿ 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೂನೂರಿನವರೆಗಿನ ಕಡಿದಾದ ಏರಿನಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಏರುತ್ತದೆ. ಮೀಸಲಾತಿ ತೆರೆಯುವುದು 60 ದಿನ ಮುಂಚೆ. ಏಪ್ರಿಲ್ 5ಕ್ಕೆ ಬೇಕಾದರೆ ಫೆಬ್ರವರಿ ಮೊದಲ ವಾರದಲ್ಲೇ ಕಾದು ಕೂರಬೇಕು. ಸಿಗದಿದ್ದರೆ ಬೇಸರ ಬೇಡ. ಊಟಿಯಿಂದ ಕೂನೂರಿಗೆ ದಿನಕ್ಕೆ ಹಲವು ಸಲ ರೈಲು ಓಡುತ್ತದೆ. ಆ 19 ಕಿ.ಮೀ. ರೈಲಿನಲ್ಲಿ ಇಳಿದು ಬಸ್ಸಿನಲ್ಲಿ ವಾಪಸ್ ಬಂದರೆ ಮಕ್ಕಳಿಗೆ ಸುರಂಗವೂ ಚಹಾತೋಟವೂ ಸಿಗುತ್ತವೆ. ಐದು ಗಂಟೆ ಒಂದೇ ಸೀಟಿನಲ್ಲಿ ಕೂರಲಾರದ ಸಣ್ಣ ಮಕ್ಕಳಿಗೆ ಇದೇ ಹೆಚ್ಚು ಹಿತ.

ರೂಮನ್ನು ಬಸ್ ನಿಲ್ದಾಣ, ಚಾರಿಂಗ್ ಕ್ರಾಸ್ ಬಳಿ ಹಿಡಿಯುವವರೇ ಹೆಚ್ಚು. ಕೆರೆಗಳಿಗೆ ಹೋಗುವವರು ಹಾಗೆ ಮಾಡಬಾರದು. ಪೈಕಾರ, ಕಾಮರಾಜ ಸಾಗರ ಎರಡೂ ಪಟ್ಟಣದ ಪಶ್ಚಿಮಕ್ಕೆ, ಗೂಡಲೂರು ರಸ್ತೆಯ ಕಡೆಗೆ ಇವೆ. ಅವಲಾಂಚಿಯೂ ನೈಋತ್ಯಕ್ಕೆ. ಪಟ್ಟಣದ ಆ ಬದಿಯಲ್ಲಿರುವ ಫಿಂಗರ್ ಪೋಸ್ಟ್ ಆಸುಪಾಸಿನಲ್ಲಿ ಉಳಿದರೆ ಪ್ರತಿದಿನ ಪಟ್ಟಣ ದಾಟುವ ಕಾಟ ತಪ್ಪುತ್ತದೆ. ಫೋನಿನಲ್ಲಿ ಕೇಳಬೇಕಾದ್ದು ಇಷ್ಟು: ಬಿಸಿನೀರು ಎಷ್ಟು ಗಂಟೆಗೆ, ಕಾರು ಗೇಟಿನೊಳಗೆ ಬರುತ್ತದೆಯೇ ಅಥವಾ ರಸ್ತೆಯಲ್ಲಿ ಬಿಡಬೇಕೇ, ಗೇಟಿನಿಂದ ಕೋಣೆಗೆ ಎಷ್ಟು ಮೆಟ್ಟಿಲು, ಹೆಚ್ಚುವರಿ ಕಂಬಳಿ ಇದೆಯೇ. ಗುಡ್ಡದ ಊರಿನಲ್ಲಿ ನೆಲಮಹಡಿ ಎಂದರೆ ಮೆಟ್ಟಿಲಿಲ್ಲ ಎಂದಲ್ಲ. ಮೊಣಕಾಲು ನೋವಿರುವವರು ಜತೆಗಿದ್ದರೆ ಈ ಪ್ರಶ್ನೆಯನ್ನು ಎರಡು ಸಲ ಕೇಳಿ.

ಇನ್ನು ಕೆರೆಗಳು. ನಮ್ಮ ನಿಯಮ ಒಂದೇ: ದಿನಕ್ಕೆ ಒಂದು ಕೆರೆ, ಅದೂ ಮಧ್ಯಾಹ್ನದೊಳಗೆ. ಬೆಳಗ್ಗೆ ನೀರು ಕದಲದೆ ಇರುತ್ತದೆ. ಬಿಸಿಲು ಏರಿ ಇಳಿಜಾರುಗಳು ಕಾದ ಮೇಲೆ ಕಣಿವೆಯಿಂದ ಗಾಳಿ ಮೇಲೇಳುತ್ತದೆ, ಅದರ ಹಿಂದೆಯೇ ಮೋಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಗುಡುಗಿದರೆ ದೋಣಿ ನಿಲ್ಲಿಸುತ್ತಾರೆ, ಟಿಕೆಟ್ ಹಿಡಿದು ಕಾಯುತ್ತಿರುವ ಮಕ್ಕಳನ್ನು ಸಮಾಧಾನ ಮಾಡುವುದು ಸುಲಭವಲ್ಲ. ದೋಣಿಮನೆ ತೆರೆಯುವ ಹೊತ್ತಿಗೇ ಅಲ್ಲಿದ್ದರೆ ಸಾಲೂ ಇಲ್ಲ, ಗಾಳಿಯೂ ಇಲ್ಲ. ಮಧ್ಯಾಹ್ನದ ಮೇಲೆ ಚಹಾ ಕಾರ್ಖಾನೆ, ಸಸ್ಯೋದ್ಯಾನ, ಇಲ್ಲವೇ ನಿದ್ದೆ.

ಊಟಿ ಕೆರೆ 1820ರ ದಶಕದಲ್ಲಿ ಆಗಿನ ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ ಮಾಡಿಸಿದ್ದು. ಪಟ್ಟಣದ ನಡುವೆ ಇರುವುದರಿಂದ ಕೊಳೆಯೂ ಅಂತರಗಂಗೆಯೂ ಸೇರಿ ನೀರು ಸ್ವಚ್ಛವಾಗಿಲ್ಲ. ಪೆಡಲ್ ದೋಣಿ, ಮಕ್ಕಳ ಆಟ ಬೇಕಿದ್ದರೆ ಹೋಗಿ, ನೋಟಕ್ಕಾಗಿ ಬೇಡ. ನೋಟ ಇರುವುದು ಪೈಕಾರದಲ್ಲಿ. 1932ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾದ ಯೋಜನೆಯ ಜಲಾಶಯ ಅದು. ಸುತ್ತ ಶೋಲಾ ಕಾಡು, ಅಂಚಿನಲ್ಲಿ ಹುಲ್ಲುಗಾವಲು. ಬೇಸಿಗೆಯಲ್ಲಿ ನೀರು ಇಳಿದು ಕೆಂಪು ದಡ ಕಾಣಿಸುತ್ತದೆ, ಫೋಟೋದಲ್ಲಿ ನೋಡಿದಷ್ಟು ತುಂಬಿಲ್ಲ ಎಂದು ನಿರಾಶರಾಗಬೇಡಿ. ಇಲ್ಲಿ ಯಂತ್ರದೋಣಿಯೇ ಸರಿ. ಪಟ್ಟಣಕ್ಕೆ ಹತ್ತಿರದ ಕಾಮರಾಜ ಸಾಗರದಲ್ಲಿ ದಡದಲ್ಲಿ ಕೂತು ಬುತ್ತಿ ಬಿಚ್ಚುವುದೇ ಸುಖ.

ಅವಲಾಂಚಿಗೆ ಒಂದು ಪೂರ್ತಿ ಬೆಳಗ್ಗೆ ಮೀಸಲಿಡಿ. 19ನೇ ಶತಮಾನದ ಆರಂಭದಲ್ಲಿ ಆದ ಭೂಕುಸಿತದಿಂದ (ಇಂಗ್ಲಿಷಿನ ಅವಲಾಂಚ್) ಆ ಹೆಸರು ಬಂದದ್ದು. ಕಾಡಿನೊಳಗೆ ಅರಣ್ಯ ಇಲಾಖೆಯ ವಾಹನದಲ್ಲೇ ಹೋಗಬೇಕು, ನಮ್ಮ ಗಾಡಿ ಹೊರಗೆ. ತಡವಾಗಿ ಹೋದವರು ಸಾಲಿನಲ್ಲೇ ಅರ್ಧ ದಿನ ಕಳೆಯುತ್ತಾರೆ. ಜೋರು ಮಳೆಯ ಮುನ್ಸೂಚನೆ ಇದ್ದರೆ ಮುಚ್ಚುತ್ತಾರೆ, ಹೊರಡುವ ಮೊದಲು ರೂಮಿನವರಲ್ಲಿ ವಿಚಾರಿಸಿ. ದಾರಿಯಲ್ಲಿ ಎಮರಾಲ್ಡ್ ಜಲಾಶಯ ರಸ್ತೆಯಿಂದಲೇ ಕಾಣುತ್ತದೆ. ಯಾವ ಕೆರೆಯಲ್ಲೂ ನೀರಿಗೆ ಇಳಿಯುವುದು ಬೇಡ. ಜಲಾಶಯದ ದಡ ಹೆಜ್ಜೆ ಇಟ್ಟಲ್ಲೇ ಆಳಕ್ಕೆ ಜಾರುತ್ತದೆ, ನೀರು ಬಹಳ ತಣ್ಣಗೆ. ಮನೆಯ ಪಕ್ಕದ ಹೊಳೆಯಲ್ಲಿ ಈಜಿ ಬೆಳೆದವರಿಗೂ ಇದು ಬೇರೆಯೇ ನೀರು.

ದೋಣಿಯಲ್ಲಿ ಕೊಡುವ ಲೈಫ್ ಜಾಕೆಟ್ ಮಗುವಿಗೆ ಸರಿಯೇ ಎಂದು ನೋಡುವ ವಿಧಾನ ಹೀಗಿದೆ. ಎಲ್ಲ ಬಕಲ್ ಹಾಕಿ ಪಟ್ಟಿ ಬಿಗಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಜಾಕೆಟನ್ನು ಮೇಲಕ್ಕೆತ್ತಿ. ಅದು ಮಗುವಿನ ಕಿವಿಯವರೆಗೆ ಏರಿ ಗದ್ದ ಒಳಗೆ ಹುದುಗಿದರೆ ಅಳತೆ ದೊಡ್ಡದು, ನೀರಿಗೆ ಬಿದ್ದರೆ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಸಣ್ಣದನ್ನು ಕೇಳಿ. ಸಣ್ಣದು ಇಲ್ಲದಿದ್ದರೆ ಆ ದೋಣಿ ಬಿಡಿ.

ಬಟ್ಟೆಯಲ್ಲಿ ಒಂದು ದಪ್ಪ ಸ್ವೆಟರಿಗಿಂತ ತೆಳ್ಳಗಿನ ಎರಡು ಪದರ ಉತ್ತಮ. ಹಗಲು ಬಿಸಿಲು ಚುರುಕಾಗಿಯೇ ಇರುತ್ತದೆ, ತಂಪು ಗಾಳಿಯಲ್ಲಿ ಅದು ಗೊತ್ತಾಗುವುದಿಲ್ಲ, ಸಂಜೆ ನೋಡಿದರೆ ಮಕ್ಕಳ ಮೂಗು ಕೆಂಪಾಗಿರುತ್ತದೆ. ಟೊಪ್ಪಿ ಕಡ್ಡಾಯ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧ. ತಲೆಗೊಂದು ಸ್ಟೀಲ್ ಬಾಟಲಿ ಇರಲಿ, ತುಂಬಿಸಿಕೊಳ್ಳಲು ದಾರಿಯಲ್ಲಿ ನೀರಿನ ಎಟಿಎಂಗಳಿವೆ.

ಅಡುಗೆಮನೆ ಇರುವ ಹೋಂಸ್ಟೇ ಹಿಡಿದು ಕುಚ್ಚಲಕ್ಕಿ ಗಂಜಿ ಮಾಡುವವರಿಗೆ ಒಂದು ಮಾತು. ಆ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 92-93 ಡಿಗ್ರಿಗೇ. ತೆರೆದ ಪಾತ್ರೆಯಲ್ಲಿ ಕಾಳು ನಡುವಿನವರೆಗೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಗ್ಯಾಸ್ ಖರ್ಚಾಗುತ್ತದೆ. ರಾತ್ರಿಯೇ ನೆನೆಹಾಕಿ ಪ್ರೆಷರ್ ಕುಕ್ಕರಿನಲ್ಲಿ ಇಡಿ, ಊರಿನಲ್ಲಿ ಕೂಗಿಸುವುದಕ್ಕಿಂತ ಎರಡು ವಿಸಿಲ್ ಹೆಚ್ಚು ಕೊಡಿ. ಬೇಳೆಗೂ ಇದೇ ಕ್ರಮ.

ಘಾಟಿಯಲ್ಲಿ ಮಕ್ಕಳ ವಾಂತಿಗೆ ಮುಖ್ಯ ಕಾರಣ ಕಣ್ಣು ಮತ್ತು ಕಿವಿಯ ನಡುವಿನ ಗೊಂದಲ. ಮೊಬೈಲ್ ನೋಡುವಾಗ ಕಣ್ಣಿಗೆ ಎಲ್ಲವೂ ನಿಶ್ಚಲ, ಒಳಕಿವಿಗೆ ಮಾತ್ರ ತಿರುವು ತಿಳಿಯುತ್ತಿರುತ್ತದೆ. ಗೂಡಲೂರಿನಲ್ಲಿ ಮೊಬೈಲ್ ತೆಗೆದಿಟ್ಟು, ದೂರದ ರಸ್ತೆ ಕಾಣುವಂತೆ ಮಗುವನ್ನು ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂರಿಸಿ, ಕಿಟಕಿ ಸ್ವಲ್ಪ ಇಳಿಸಿ. ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಂತೆಯೂ ಇರಬಾರದು. ಎರಡು ಇಡ್ಲಿ ಸರಿ, ಗೋಳಿಬಜೆ ಬೇಡ, ಹಾಲು ಖಂಡಿತ ಬೇಡ. ಪುನರ್ಪುಳಿ ಶರಬತ್ತು ಫ್ಲಾಸ್ಕಿನಲ್ಲಿ ಇಟ್ಟುಕೊಂಡರೆ ಗುಟುಕು ಗುಟುಕಾಗಿ ಕೊಡಬಹುದು. ಮಾತ್ರೆ ಬೇಕೆನಿಸಿದರೆ ವೈದ್ಯರಲ್ಲಿ ಪ್ರಮಾಣ ಕೇಳಿ, ಘಾಟಿ ಹತ್ತುವ ಮುಂಚೆಯೇ ಕೊಡಬೇಕು. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಇಳಿಯುವ ದಿನ ಹತ್ತುವ ದಿನಕ್ಕಿಂತ ಹೆಚ್ಚು ಎಚ್ಚರ ಕೇಳುತ್ತದೆ. ಮೈಸೂರು ದಾರಿಯಾಗಿ ಊರಿಗೆ ಮರಳುವವರಿಗೆ ಫೋನಿನ ನಕಾಶೆ ಕಲ್ಲಟ್ಟಿ ಘಾಟಿಯನ್ನು ಹತ್ತಿರದ ದಾರಿ ಎಂದು ತೋರಿಸಬಹುದು. 36 ಹೇರ್‌ಪಿನ್ ತಿರುವುಗಳ ಆ ಕಡಿದಾದ ರಸ್ತೆಯಲ್ಲಿ ಹೊರಗಿನ ವಾಹನಗಳನ್ನು ಇಳಿಯಲು ಬಿಡುವುದಿಲ್ಲ. ನಡುವಟ್ಟಂ ಮಾರ್ಗವಾಗಿ ಗೂಡಲೂರಿಗೇ ಇಳಿಯಿರಿ. ಅಲ್ಲಿಯೂ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನುಯಲ್ ಸ್ಥಾನಕ್ಕೆ ಹಾಕಿ. ಬ್ರೇಕನ್ನು ಸದಾ ಒತ್ತಿ ಹಿಡಿಯುವ ಬದಲು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಡಬೇಕು, ಆಗ ಡಿಸ್ಕ್ ತಣಿಯಲು ಬಿಡುವು ಸಿಗುತ್ತದೆ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಇರುವಲ್ಲಿ ಬದಿಗೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಬಿಸಿ ಗಾಲಿಗೆ ನೀರು ಸುರಿಯಬೇಡಿ, ಡಿಸ್ಕ್ ಡೊಂಕಾಗುತ್ತದೆ.

ಮಾನಂದವಾಡಿಯಿಂದ ಕೆಳಗೆ ಕೊಟ್ಟಿಯೂರು, ಪಾಲ್ಚುರಂ ದಾರಿಯನ್ನು ಮೇ-ಜೂನ್‌ನ ವೈಶಾಖ ಮಹೋತ್ಸವದ ದಿನಗಳಲ್ಲಿ ಹಿಡಿಯಬೇಡಿ, ಭಕ್ತರ ವಾಹನಗಳು ಮೈಲುಗಟ್ಟಲೆ ನಿಂತಿರುತ್ತವೆ. ಆಗ ನೆಡುಂಪೊಯಿಲ್ ಚುರವೇ ಸೂಕ್ತ, ಅದನ್ನೂ ಕತ್ತಲಾಗುವ ಮೊದಲು ಇಳಿದುಬಿಡಿ.